ಕಣ್ಣು ಸರಿಯಾಯಿತು, ಆದರೂ ತಂಗಿಗೆ ಎಂಎಸ್ ಔಷಧಿ ಯಾಕೆ?

ದಾವಣಗೆರೆ ಅಕ್ಕ:
ತಂಗಿಗೆ 27 ವರ್ಷ. ಹೋದ ತಿಂಗಳು ಎಡಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತಿತ್ತಂತೆ. ಕನ್ನಡಕ ಬದಲಿಸಲು ಹೋದವಳನ್ನು ನರರೋಗದ ಡಾಕ್ಟರ ಹತ್ತಿರ ಕಳಿಸಿದರು. ಎಂಆರ್‌ಐನಲ್ಲಿ ಬಿಳಿ ಮಚ್ಚೆಗಳಿವೆ, ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರಬಹುದು ಅಂದರು. ದಿನಕ್ಕೆ 1 ಗ್ರಾಂ ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಕಣ್ಣು ಸರಿಯಾಯಿತು. ಈಗ ಬೆನ್ನಿನಿಂದ ನೀರು ತೆಗೆಯಬೇಕಂತೆ, ವರ್ಷಗಟ್ಟಲೆ ಔಷಧಿ ಬೇಕಂತೆ. ಬೆನ್ನಿಗೆ ಸೂಜಿ ಅಂದ ಕೂಡಲೇ ಅಮ್ಮ ಬೇಡವೇ ಬೇಡ ಅಂತಿದ್ದಾರೆ.

ಹುಬ್ಬಳ್ಳಿ ಮೇಷ್ಟ್ರು:
ಅಕ್ಕಾ, ನನಗೂ 2014ರಿಂದ ಇದೇ ಕಾಯಿಲೆ. ಸ್ಟೀರಾಯ್ಡ್ ಆ ಹೊತ್ತಿನ ಊತ ಬೇಗ ಇಳಿಸುತ್ತದೆ, ಅಷ್ಟೇ. ಮುಂದಿನ ಅಟ್ಯಾಕ್ ತಡೆಯುವುದಿಲ್ಲ. ನಮ್ಮದೇ ಬಿಳಿ ರಕ್ತಕಣಗಳು ನರದ ಮೇಲಿನ ಮೈಲಿನ್ ಪದರವನ್ನು ಹಾಳು ಮಾಡುತ್ತವೆ. ಆರಾಮಾಗಿ ಓಡಾಡಿಕೊಂಡಿದ್ದಾಗಲೂ ಒಳಗೆ ಹೊಸ ಮಚ್ಚೆ ಏಳಬಹುದು. ಅದನ್ನು ಕಡಿಮೆ ಮಾಡುವುದಕ್ಕೇ ಆ ಉದ್ದದ ಔಷಧಿ.

ಬೆನ್ನಿನ ನೀರಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ಅಂದರೆ ಆಂಟಿಬಾಡಿ ಪ್ರೋಟೀನಿನ ಗೆರೆಗಳು) ಇದೆಯಾ ಅಂತ ನೋಡುತ್ತಾರೆ. 2017ರ ಮೆಕ್‌ಡೊನಾಲ್ಡ್ ನಿಯಮದ ಪ್ರಕಾರ, ಅದು ಸಿಕ್ಕರೆ ಕೆಲವರಿಗೆ ಎರಡನೇ ಅಟ್ಯಾಕ್ ಬರುವ ತನಕ ಕಾಯದೆ ಎಂಎಸ್ ಅಂತ ಹೇಳಬಹುದು. ಸೂಜಿ ಹಾಕುವುದು ಸೊಂಟದ ಹತ್ತಿರ, ಬೆನ್ನುಹುರಿ ಮುಗಿದ ಮೇಲೆ ಇರುವ ಜಾಗದಲ್ಲಿ. ಅಮ್ಮನಿಗೆ ಇದನ್ನೇ ಹೇಳಿ. ನನಗೆ ಆಮೇಲೆ ಎದ್ದು ಕೂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಮಾಯ. ರಜೆ ಹಾಕಿ ಮಲಗಿಬಿಟ್ಟೆ, ಹೋಯಿತು.

ಎಲ್ಲಕ್ಕಿಂತ ಮುಖ್ಯ, ಔಷಧಿ ಶುರು ಮಾಡುವ ಮೊದಲು ಅಕ್ವಪೋರಿನ್-4 ಮತ್ತು ಎಂಒಜಿ (MOG) ಆಂಟಿಬಾಡಿ ರಕ್ತಪರೀಕ್ಷೆ ಆಗಿದೆಯಾ ಕೇಳಿ. ಎನ್‌ಎಂಒ ಅಂತ ಇನ್ನೊಂದು ಕಾಯಿಲೆಯೂ ಹೀಗೇ ಕಣ್ಣಿನಿಂದ ಶುರುವಾಗಬಹುದು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್ ಅದರಲ್ಲಿ ಉಲ್ಟಾ ಹೊಡೆಯಬಹುದು. ಬಿ12 ಕೂಡ ನೋಡಿಸಿ.

ದಾವಣಗೆರೆ ಅಕ್ಕ:
ಫೈಲಲ್ಲಿ ಬಿ12 ಇದೆ, ಆಂಟಿಬಾಡಿ ರಿಪೋರ್ಟ್ ಕಾಣಲಿಲ್ಲ. ಸೋಮವಾರ ಕೇಳುತ್ತೇನೆ. ಮನೆಯಲ್ಲಿ ಮದುವೆ ಮಾತೂ ನಡೀತಿದೆ. ಮಕ್ಕಳಾಗುತ್ತವಾ?

ಪುತ್ತೂರಿನವಳು:
ಆಗುತ್ತವೆ. ನನಗೂ ಎಂಎಸ್, ಇಬ್ಬರು ಮಕ್ಕಳು. ಬಸುರಿಯಾಗಿದ್ದಾಗ ಅಟ್ಯಾಕ್ ಸಾಮಾನ್ಯವಾಗಿ ಕಡಿಮೆ, ಹೆರಿಗೆಯಾದ ಮೊದಲ ಮೂರು ತಿಂಗಳು ಹುಷಾರಾಗಿರಬೇಕು. ಟೆರಿಫ್ಲುನೊಮೈಡ್‌ನಂಥ ಮಾತ್ರೆ ಬಸುರಿಯರಿಗೆ ಆಗದು, ಹಾಗಾಗಿ ಮದುವೆ ವಿಷಯ ಡಾಕ್ಟರಿಗೆ ಈಗಲೇ ಹೇಳಿಬಿಡಿ. ಸೆಕೆಗೋ ಜ್ವರಕ್ಕೋ ಕಣ್ಣು ಸ್ವಲ್ಪ ಮಂಜಾಗಿ, ಮೈ ತಣಿದ ಮೇಲೆ ಸರಿಯಾದರೆ ಅದು ಹೊಸ ಅಟ್ಯಾಕ್ ಅಲ್ಲ. ಒಂದು ದಿನ ದಾಟಿಯೂ ಹಾಗೇ ಇದ್ದರೆ ಮಾತ್ರ ಕಾಯಬೇಡಿ, ಫೋನ್ ಮಾಡಿ.

ಹುಬ್ಬಳ್ಳಿ ಮೇಷ್ಟ್ರು:
ಹಾಂ, 2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಇದೆ. ತಂಗಿಗೆ ಈಗ ಅದರ ಸರ್ಟಿಫಿಕೇಟ್ ಬೇಕಿಲ್ಲ, ಆದರೆ ರಿಪೋರ್ಟ್, ಎಂಆರ್‌ಐ ಸಿಡಿ ಒಂದನ್ನೂ ಬಿಸಾಡಬೇಡಿ.