ಡೆಕ್ ಸೋರ್ತಿದೆ, ಯಾವ ಸೀಲಂಟ್ ಹಾಕಲಿ? ಹಾಕಿ ನೋಡಿದವರು ಹೇಳಿ

ಕೇಳಿದವರು: ಹೊಸ ಒಡೆಯ

ಎಲ್ಲರಿಗೂ ನಮಸ್ಕಾರ. 28 ಅಡಿಯ ಹಳೇ ಫೈಬರ್ ಹಾಯಿದೋಣಿ ತಗೊಂಡಿದ್ದೀನಿ. ಮಳೆ ಬಂದ್ರೆ ಎಡಗಡೆ ಮಂಚದ ಹಾಸಿಗೆ ನೆನೆಯುತ್ತೆ. ರೇಲಿಂಗ್ ಕಂಬಗಳ ಬುಡದ ಮೇಲೂ ಅನುಮಾನ, ಮುಂದಿನ ಹ್ಯಾಚಿನ (ಡೆಕ್ಕಿನಲ್ಲಿರೋ ಮುಚ್ಚಳದ ಬಾಗಿಲು) ಚೌಕಟ್ಟಿನ ಮೇಲೂ ಅನುಮಾನ. ಜೊತೆಗೆ ನೀರಿನ ಮಟ್ಟದ ಕೆಳಗಿರೋ ಒಂದು ಥ್ರೂ-ಹಲ್ (ಒಡಲಿನ ತೂತಿಗೆ ಕೂರಿಸಿದ ಕೊಳವೆ ಜೋಡಣೆ) ಬದಲಿಸಬೇಕು. ಅಂಗಡಿಯಲ್ಲಿ 5200, 4200 ಅನ್ನೋ ಪಾಲಿಯುರೆಥೇನ್ ಸೀಲಂಟ್‌ಗಳು, ಪಾಲಿಸಲ್ಫೈಡ್, ಸಿಲಿಕೋನ್, ಬ್ಯುಟೈಲ್ ಟೇಪ್ ಎಲ್ಲ ಇದೆ, ಎಲ್ಲದರ ಮೇಲೂ ‘ಮರೀನ್’ ಅಂತಲೇ ಬರೆದಿದೆ. ನೀರಿಗಿಳಿಸೋಕೆ ಇನ್ನು ಹತ್ತೇ ದಿನ. ಯಾವ ಜಾಗಕ್ಕೆ ಯಾವುದು?

ನೀಲಿ ಒಡಲು:

ಡೆಕ್ ಮೇಲೆ ಶಾಶ್ವತ ಪಾಲಿಯುರೆಥೇನ್, ಅಂದ್ರೆ 5200 ಥರದ್ದು, ಹಾಕಬೇಡಿ. ಬೇಡ ಅಂದ್ರೆ ಬೇಡ. ನನಗಾಗಿದ್ದನ್ನ ಪೂರ್ತಿ ಹೇಳ್ತೀನಿ.

ಏಳು ವರ್ಷದ ಹಿಂದೆ ನನ್ನ ಮುಂದಿನ ಹ್ಯಾಚೂ ಸೋರ್ತಿತ್ತು. ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ನಂಬಿ, ಸಿಕ್ಕಿದ್ದರಲ್ಲೇ ಅತಿ ಗಟ್ಟಿಯಾದದ್ದನ್ನ ಧಾರಾಳವಾಗಿ ಬಳಿದು ಕೂರಿಸಿದೆ. ಸೋರೋದು ನಿಂತಿತು. ಮೂರನೇ ವರ್ಷ ಹಿಂಜ್ ಮುರೀತು, ಬಿಡಿಭಾಗ ಸಿಗಲಿಲ್ಲ, ಇಡೀ ಹ್ಯಾಚೇ ಬದಲಿಸಬೇಕಾಯ್ತು. ಹದಿನಾರು ಸ್ಕ್ರೂ ಬಿಚ್ಚಿದೆ. ಹ್ಯಾಚು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಮೊದಲ ಶನಿವಾರ ಪುಟ್ಟಿ ಚಾಕು: ಎರಡು ಬಾಗಿದವು, ಒಂದು ಮುರೀತು. ಭಾನುವಾರ ಹೀಟ್ ಗನ್: ಅಂಟು ಮೆತ್ತಗಾಗೋ ಮೊದಲೇ ಫೈಬರಿನ ಮೇಲಿನ ನುಣುಪು ಪದರವಾದ ಜೆಲ್‌ಕೋಟ್ ಹಳದಿಗೆ ತಿರುಗಿತು. ಎರಡನೇ ವಾರ ಅಂಟು ಬಿಡಿಸೋ ಸ್ಪ್ರೇ, ಪೂರ್ತಿ ಎರಡು ಡಬ್ಬಿ. ಅಂಚಿನಿಂದ 5 ಎಂಎಂ ಒಳಗೆ ಇಳೀತು, ಚೌಕಟ್ಟಿನ ಅಗಲ 40 ಎಂಎಂ. ಮೂರನೇ ವಾರ ಗಿಟಾರಿನ ತೆಳು ಉಕ್ಕಿನ ತಂತಿಗೆ ಎರಡೂ ತುದಿಯಲ್ಲಿ ಮರದ ಹಿಡಿ ಕಟ್ಟಿ, ಸಾಬೂನು ನೀರು ಬಿಡ್ತಾ ಬಿಡ್ತಾ ಗರಗಸದ ಹಾಗೆ ಎಳೆದೆ. ಹನ್ನೊಂದು ತಂತಿ ತುಂಡಾದವು. ಕೊನೇ ಮೂಲೆ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು, ಹಾರೆ ಕೊಟ್ಟು ಮೀಟಿದೆ. ಹ್ಯಾಚು ಬಂತು, ಅಂಗೈಯಗಲ ಜೆಲ್‌ಕೋಟನ್ನೂ ಅದರ ಕೆಳಗಿನ ಫೈಬರಿನ ಒಂದು ಪದರವನ್ನೂ ಕಿತ್ಕೊಂಡೇ ಬಂತು. ಅದನ್ನ ತುಂಬಿ, ಉಜ್ಜಿ, ಬಣ್ಣ ಹೊಂದಿಸೋಕೆ ಇನ್ನೆರಡು ವಾರ. ಬಣ್ಣ ಇವತ್ತಿಗೂ ಹೊಂದಿಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಆ ತೇಪೆ ಕಣ್ಣಿಗೆ ಚುಚ್ಚುತ್ತೆ.

5200 ಥರದ್ದು ಇರೋದು ಡೆಕ್ಕೂ ಒಡಲೂ ಕೂಡೋ ಸಂದಿಗೆ, ದೋಣಿಯಡಿಯ ಭಾರದ ರೆಕ್ಕೆಯಾದ ಕೀಲ್‌ನ ಬುಡಕ್ಕೆ, ಜನ್ಮದಲ್ಲಿ ಬಿಚ್ಚಲ್ಲ ಅನ್ನೋ ಜಾಗಕ್ಕೆ. ಅದು ಮೊದಲು ಅಂಟು, ಆಮೇಲೆ ಸೀಲಂಟ್.

ಬೂದು ಟೇಪು:

ಡೆಕ್ಕಿಗೆ ಬ್ಯುಟೈಲ್. ಒಂಬತ್ತು ವರ್ಷ, 64 ತೂತು, ಒಂದೇ ಒಂದು ಹನಿ ಇಲ್ಲ. ಆದರೆ ಟೇಪು ಸುತ್ತಿ ಬೋಲ್ಟ್ ಬಿಗಿದರೆ ಮುಗೀತು ಅಂದ್ಕೊಂಡವರೇ ಆಮೇಲೆ ಬಂದು ಬ್ಯುಟೈಲ್ ಸರಿ ಇಲ್ಲ ಅಂತಾರೆ, ಅದಕ್ಕೇ ನಾನು ಮಾಡಿದ್ದನ್ನ ಬಿಡಿಸಿ ಹೇಳ್ತೀನಿ.

ಪ್ರತಿ ತೂತಿನ ಬಾಯನ್ನ ಕೌಂಟರ್‌ಸಿಂಕ್ ಬಿಟ್‌ನಲ್ಲಿ ಸ್ವಲ್ಪ ಅಗಲ ಮಾಡಿದೆ, ಒಂದು ಸಣ್ಣ ಬಟ್ಟಲಿನ ಹಾಗೆ. ಟೇಪನ್ನ ಅಂಗೈಯಲ್ಲಿ ಉಜ್ಜಿ ಬತ್ತಿಯ ಹಾಗೆ ಹೊಸೆದು ಬೋಲ್ಟಿನ ಕತ್ತಿಗೆ ಸುತ್ತಿದರೆ ಒಂದು ಶಂಕು ಆಗುತ್ತೆ. ಬಿಗಿದಾಗ ಆ ಶಂಕು ಬಟ್ಟಲಿಗೆ ಇಳಿದು ರಬ್ಬರಿನ ಓ-ರಿಂಗಿನ ಹಾಗೆ ಕೂರುತ್ತೆ. ಎಲ್ಲಾ ಗುಟ್ಟು ಆ ಬಟ್ಟಲಲ್ಲೇ ಇದೆ. ಸಪಾಟಾದ ತೂತಾದ್ರೆ ಟೇಪು ಪೂರ್ತಿ ಹೊರಗೆ ಹಿಂಡಿ ಹೋಗುತ್ತೆ, ಒಳಗೆ ಏನೂ ಉಳಿಯಲ್ಲ.

ಬಿಗಿಯೋಕೆ ಐದು ದಿನ ತಗೊಂಡೆ. ಮೊದಲ ದಿನ ಕೈಗೆ ತಡೆ ಸಿಗೋವರೆಗೆ ಮಾತ್ರ. ಆಮೇಲೆ ದಿನಕ್ಕೆರಡು ಸಲ, ಬಿಸಿಲೇರಿ ಲೋಹ ಬೆಚ್ಚಗಾದಾಗ, ಕಾಲು ಸುತ್ತು. ಪ್ರತಿ ಸಲ ಬುಡದ ಸುತ್ತ ಬೂದು ಬಣ್ಣದ ತೆಳು ನಾಲಗೆ ಹೊರಗೆ ಬರುತ್ತೆ. ಅದು ಬರೋದು ನಿಂತ ಮೇಲೆ ಪ್ಲಾಸ್ಟಿಕ್ ಚಾಕುವಿನಲ್ಲಿ ಕೊಯ್ದು ತೆಗೀಬೇಕು. ಬ್ಯುಟೈಲ್ ಯಾವತ್ತೂ ಒಣಗಲ್ಲ, ಹಾಗಾಗಿ ಹತ್ತು ವರ್ಷ ಬಿಟ್ಟು ಬಿಚ್ಚಿದರೂ ಸುಲಭವಾಗಿ ಬರುತ್ತೆ. ನೀರಿನ ಮಟ್ಟದ ಕೆಳಗೆ ಬೇಡ, ಪೆಟ್ರೋಲ್ ಡೀಸೆಲ್ ತಗಲೋ ಕಡೆ ಬೇಡ, ಕರಗುತ್ತೆ.

ಮೂರನೇ ಲಂಗರು:

ಐದು ದಿನ ದಿನಕ್ಕೆರಡು ಸಲ 64 ಬೋಲ್ಟ್ ಸುತ್ತೋಕೆ ಎಲ್ಲರಿಗೂ ಪುರುಸೊತ್ತಿರಲ್ಲ ಸರ್. ನಾನು 4200 ಹಾಕಿದೆ, ಬೇಗ ಒಣಗೋದು, ಒಂದು ದಿನದಲ್ಲಿ ಸೆಟ್ ಆಗುತ್ತೆ. ಒಣ ಜೋಡಣೆ ಮಾಡಿ ನೋಡಿ, ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಸೀಲಂಟ್ ಬಳಿದು, ಅರ್ಧ ಮಾತ್ರ ಬಿಗಿ ಮಾಡಿದೆ. ಮೇಲೆ ಕೆನೆಗಟ್ಟೋ ಮೊದಲೇ ಟೇಪ್ ಎಳೆದೆ. ಮಾರನೇ ದಿನ ಅದು ರಬ್ಬರ್ ಗ್ಯಾಸ್ಕೆಟ್ ಆದಮೇಲೆ ಪೂರ್ತಿ ಬಿಗಿದೆ. ಹಸಿಯಿದ್ದಾಗಲೇ ಪೂರ್ತಿ ಬಿಗಿದರೆ ಎಲ್ಲಾ ಹೊರಗೆ ಹಿಂಡಿ ಹೋಗಿ ಕಾಗದದಷ್ಟು ತೆಳು ಉಳಿಯುತ್ತೆ.

ನೀಲಿ ಒಡಲು:

ಈ ಎರಡು ಹಂತದ ಬಿಗಿಯನ್ನ ದಯವಿಟ್ಟು ಹೊಸಬರಿಗೆ ಹೇಳಿಕೊಡಬೇಡಿ. ಒಣಗಿದ ಮೇಲೆ ಬೋಲ್ಟ್ ಒಂದು ಚೂರು ತಿರುಗಿದರೂ ಅದರ ಕತ್ತಿನ ಸುತ್ತ ಹಿಡಿದಿದ್ದ ಅಂಟು ಹರಿಯುತ್ತೆ. ನೀರು ಬರೋದು ಅಲ್ಲಿಂದಲೇ. ನನ್ನ ಮೊದಲ ಬೋಟಲ್ಲಿ ನಾಲ್ಕು ಕ್ಲೀಟ್ (ಹಗ್ಗ ಕಟ್ಟೋ ಕೊಂಡಿ) ಹೀಗೇ ಮಾಡಿ ನಾಲ್ಕೂ ಸೋರಿದವು.

ಮೂರನೇ ಲಂಗರು:

ಬೋಲ್ಟ್ ತಿರುಗಿಸಿ ಅಂತ ನಾನೆಲ್ಲಿ ಹೇಳಿದೆ? ತಿರುಗಿಸೋದು ಕೆಳಗಿನ ನಟ್. ಮೇಲೊಬ್ಬರು ಸ್ಕ್ರೂಡ್ರೈವರಲ್ಲಿ ಬೋಲ್ಟ್ ಅಲ್ಲಾಡದ ಹಾಗೆ ಒತ್ತಿ ಹಿಡೀಬೇಕು. ನೀವು ಹಿಡೀದೇ ಹೋದ್ರೆ ಅದು ಪದ್ಧತಿಯ ತಪ್ಪಲ್ಲ.

ನೀಲಿ ಒಡಲು:

ಒಬ್ಬಂಟಿಯಾಗಿ ಕೆಲಸ ಮಾಡೋರು ಮೇಲೂ ಕೆಳಗೂ ಹೇಗಿರಬೇಕು? ನಾನು ಎರಡು ಸೀಸನ್ ಒದ್ದೆ ಹಾಸಿಗೆ ಮೇಲೆ ಮಲಗಿದವನು. ಬಾಯಿಗೆ ಬಂದದ್ದು ಹೇಳ್ತಿಲ್ಲ.

ಹಲಗೆ ದೋಣಿ:

ಎಲ್ಲರೂ ಫೈಬರ್ ಫೈಬರ್ ಅಂತೀರಿ. ಮರದ ದೋಣಿ ಇರೋರು ಇದನ್ನೆಲ್ಲ ಓದಿ ಟ್ಯೂಬ್ ತಂದು ಹಲಗೆ ಸಂದಿಗೆ ತುಂಬ್ತಾರೆ, ಅದಕ್ಕೇ ಬರೀತಿದ್ದೀನಿ. ನನ್ನ ದೋಣಿ ಒಂದು ಸೀಸನ್ ದಡದಲ್ಲಿ ಒಣಗಿ ನಿಂತಿತ್ತು. ಹಲಗೆ ಕುಗ್ಗಿ ಸಂದಿ ಅಗಲವಾಗಿದ್ದಾಗ ಹಿಂದಿನ ಯಜಮಾನರು ಗಟ್ಟಿ ಪಾಲಿಯುರೆಥೇನ್ ತುಂಬಿ ಬಣ್ಣ ಹೊಡೆದಿದ್ದರು. ನೀರಿಗೆ ಬಿಟ್ಟ ಮೇಲೆ ಹಲಗೆ ನೀರು ಕುಡಿದು ಉಬ್ಬಲೇಬೇಕು. ಉಬ್ಬಿದಾಗ ಸಂದಿಯಲ್ಲಿರೋದು ಹೊರಗೆ ಹಿಂಡಿ ಬರಬೇಕು. ಅದು ಬರಲಿಲ್ಲ. ಹಲಗೆ ಬದಿಗೆ ತಳ್ಳಿತು, ಸ್ಕ್ರೂಗಳು ಎಳೆದು ಬಂದವು, ಮೂರು ಪಕ್ಕೆ ಸೀಳಿದವು. ಮಧ್ಯರಾತ್ರಿ ಮಲಗಿದ್ದಾಗ ಒಂದು ಸೀಳಿದ ಸದ್ದು ನಾನೇ ಕೇಳಿದೆ.

ಹಳೇ ಅರದ ತುದಿ ಕಾಯಿಸಿ ಕೊಕ್ಕೆ ಮಾಡ್ಕೊಂಡು ಪೂರ್ತಿ 190 ಅಡಿ ಸಂದಿ ಕೆರೆದು ತೆಗೆದೆ. ಒಂದು ಅಡಿಗೆ ಇಪ್ಪತ್ತು ನಿಮಿಷ, ಕೆಲವು ಕಡೆ ಅರ್ಧ ಗಂಟೆ. ಆಮೇಲೆ ಹತ್ತಿ ಎಳೆ ಉಳಿಯಲ್ಲಿ ಬಡಿದು ತುಂಬಿ, ಪ್ರೈಮರ್ ಹೊಡೆದು, ಮೇಲೆ ಮೆತ್ತಗಿನ ಕೆಂಪು ಸೀಸದ ಪುಟ್ಟಿ.

ಕಿಟಕಿ ಕೆಲಸ:

ಕೆಂಪು ಸೀಸ ವಿಷ. ಮುಂದಿನವರು ಅದನ್ನ ಉಜ್ಜಿದಾಗ ಧೂಳು ಅವರ ಮೂಗಿಗೇ ಹೋಗುತ್ತೆ. ಸೀಸ ಇಲ್ಲದ ಸಂದಿ ಪುಟ್ಟಿ ಸಿಗೋವಾಗ ಇದನ್ನ ಹೆಮ್ಮೆಯಿಂದ ಹೇಳಬೇಡಿ.

ಹಲಗೆ ದೋಣಿ:

ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಉಜ್ಜೋದು ಮೇಡಂ. ನನ್ನ ಅಜ್ಜನ ಕಾಲದಿಂದ ಮಾಡ್ಕೊಂಡು ಬಂದಿದ್ದೀವಿ.

ಕಿಟಕಿ ಕೆಲಸ:

ಅಜ್ಜನ ಕಾಲದಲ್ಲಿ ಮಾಸ್ಕ್ ಇರಲಿಲ್ಲ. ಇರಲಿ.

ನನ್ನ ಕಥೆ ಕಿಟಕಿದು. ಕ್ಯಾಬಿನ್ನಿನ ನಾಲ್ಕು ಅಕ್ರಿಲಿಕ್ ಕಿಟಕಿಗೆ ಮೊದಲು ಪಾಲಿಸಲ್ಫೈಡ್ ಹಾಕಿದೆ. ತೇಗಕ್ಕೆ ಅದಕ್ಕಿಂತ ಒಳ್ಳೇದಿಲ್ಲ, ಪ್ರೈಮರ್ ಹೊಡೆದು ಹಾಕಿದ ನನ್ನ ಡೆಕ್ ಇನ್ನೂ ಹಾಗೇ ಇದೆ. ಆ ಧೈರ್ಯದಲ್ಲೇ ಕಿಟಕಿಗೂ ಹಾಕಿದ್ದು. ಅದು ಅಕ್ರಿಲಿಕ್, ಪಾಲಿಕಾರ್ಬೊನೇಟ್, ಪಿವಿಸಿ, ಎಬಿಎಸ್ ಯಾವ ಪ್ಲಾಸ್ಟಿಕ್ಕಿಗೂ ಆಗಲ್ಲ ಅಂತ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಇತ್ತು, ನಾನು ಓದಲಿಲ್ಲ. ಒಂದು ಸೀಸನ್ ಕಳೆಯೋ ಹೊತ್ತಿಗೆ ಅಂಚಿನುದ್ದಕ್ಕೂ ಜೇಡರ ಬಲೆಯ ಹಾಗೆ ಬಿರುಕು. ನಾಲ್ಕೂ ಹೊಸದಾಗಿ ಕತ್ತರಿಸಬೇಕಾಯ್ತು.

ಎರಡನೇ ಸಲ ಕಟ್ಟಡಗಳ ಗಾಜಿಗೆ ಹಾಕೋ ಸ್ಟ್ರಕ್ಚರಲ್ ಸಿಲಿಕೋನ್ ಹಾಕಿದೆ. ಒಂದು ಮೀಟರ್ ಉದ್ದದ ಅಕ್ರಿಲಿಕ್ 30 ಡಿಗ್ರಿ ಬಿಸಿ ಏರಿದರೆ 2 ಎಂಎಂ ಹಿಗ್ಗುತ್ತೆ. ಅಂಟು ತೆಳುವಾಗಿದ್ದರೆ ಆ ಎಳೆತ ತಡೆಯಲ್ಲ. ಅದಕ್ಕೇ 3 ಎಂಎಂ ದಪ್ಪದ ಫೋಮ್ ಟೇಪನ್ನ ಒಳ ಅಂಚಿಗೆ ಹಚ್ಚಿ, ಅದರ ಹೊರಗೆ ಸಿಲಿಕೋನ್ ತುಂಬಿದೆ. ಸ್ಕ್ರೂ ಹಾಕಲಿಲ್ಲ. ಐದು ವರ್ಷ ಆಯ್ತು.

ನೀಲಿ ಒಡಲು:

ಸಿಲಿಕೋನ್ ಬೋಟಿನೊಳಕ್ಕೆ ಬರಲೇಬಾರದು. ಒಂದು ಸಲ ತಾಗಿದ ಜಾಗಕ್ಕೆ ಆಮೇಲೆ ಬಣ್ಣ ಹಿಡಿಯಲ್ಲ, ಜೆಲ್‌ಕೋಟ್ ಹಿಡಿಯಲ್ಲ, ಬೇರೆ ಯಾವ ಸೀಲಂಟೂ ಹಿಡಿಯಲ್ಲ. ಎಷ್ಟು ಒರೆಸಿದರೂ ಆ ಎಣ್ಣೆ ಪಸೆ ಹೋಗಲ್ಲ.

ಕಿಟಕಿ ಕೆಲಸ:

ಹಿಡಿಯಲ್ಲ ಅನ್ನೋದು ನಿಜ. ಅದಕ್ಕೇ ಸಿಲಿಕೋನ್ ಹಾಕಿದ ಕಡೆ ಮುಂದೆಯೂ ಸಿಲಿಕೋನೇ ಹಾಕಬೇಕು. ನಾನು ಬಣ್ಣ ಹೊಡೆಯೋದನ್ನ ಮೊದಲೇ ಮುಗಿಸಿದ್ದೆ. ನೀವು ಗಟ್ಟಿ ಪಾಲಿಯುರೆಥೇನ್ ಹಾಕಿ ಡೆಕ್ ಕಿತ್ತವರು, ನನಗೆ ‘ಬರಲೇಬಾರದು’ ಅಂತ ಆಜ್ಞೆ ಮಾಡಬೇಡಿ. ಹಾಯಿ ಬಿಚ್ಚಿ ಓಡೋವಾಗ ಅಲೆ ಇಡೀ ಕಿಟಕಿ ಮೇಲೆ ಬಿದ್ದರೂ ಒಳಗೆ ನನ್ನ ಪುಸ್ತಕಗಳು ಒಣಗೇ ಇವೆ.

ಒದ್ದೆ ಕೈ:

ಯಾರೂ ಒರೆಸೋ ವಿಷಯ ಹೇಳಲಿಲ್ಲ. ಪಾಲಿಯುರೆಥೇನ್ ಹಾಕೋ ಮೊದಲು ಆಲ್ಕೋಹಾಲಲ್ಲಿ ಒರೆಸಬೇಡಿ. ನಾನು ಐಸೊಪ್ರೊಪೈಲ್ ಹಾಕಿ ಚೊಕ್ಕಟವಾಗಿ ಒರೆಸಿ, ಆರೋಕೂ ಬಿಡದೆ, ಎಂಟು ಕಂಬದ ಬುಡ ಕೂರಿಸಿದೆ. ಆಲ್ಕೋಹಾಲ್ ಅದು ಗಟ್ಟಿಯಾಗೋ ಕ್ರಿಯೆಯನ್ನೇ ಕೆಡಿಸುತ್ತೆ. ಮೂರು ವಾರ ಕಾದೆ. ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆ. ಕಂಬ ಹಿಡಿದರೆ ಬುಡ ಜಾರುತ್ತೆ. ಎಂಟನ್ನೂ ಬಿಚ್ಚಿ, 32 ಬೋಲ್ಟ್ ಒಂದೊಂದೇ ವೈರ್ ಬ್ರಷ್‌ನಲ್ಲಿ ತಿಕ್ಕಿ, ಎರಡು ಕಟ್ಟು ಪೇಪರ್ ಟವೆಲ್ ಮುಗಿಸಿ, ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಮತ್ತೆ ಮೊದಲಿಂದ. ನನ್ನ ಕೂದಲಿಗೆ ಹತ್ತಿದ್ದನ್ನ ಕತ್ತರಿಸಿಯೇ ತೆಗೀಬೇಕಾಯ್ತು.

ಮೂರನೇ ಲಂಗರು:

ಥ್ರೂ-ಹಲ್ ಬಗ್ಗೆ ಅವರು ಕೇಳಿದ್ದು ಹಾಗೇ ಉಳೀತು. ನೀರಿನ ಕೆಳಗೆ ಪಾಲಿಯುರೆಥೇನ್ ಇಲ್ಲವೇ ಪಾಲಿಸಲ್ಫೈಡ್, ಬೇರೆ ಬೇಡ. ಸಾಮಾನ್ಯ 5200 ಪೂರ್ತಿ ಗಟ್ಟಿಯಾಗೋಕೆ 5ರಿಂದ 7 ದಿನ ಬೇಕು. ಅದು ಗಾಳಿಯ ತೇವ ಹೀರಿ ಗಟ್ಟಿಯಾಗೋದು, ಒಣ ಹವೆಯಲ್ಲಿ, ಚಳಿಯಲ್ಲಿ ಇನ್ನೂ ನಿಧಾನ. ಹತ್ತೇ ದಿನ ಇದ್ದರೆ ಮೊದಲು ಅದನ್ನೇ ಕೂರಿಸಿ.

ಹೊಸ ಒಡೆಯ:

ಎಲ್ಲರಿಗೂ ಧನ್ಯವಾದ. ಇವತ್ತು ಎಡಗಡೆ ನಡುವಿನ ಕಂಬ ಬಿಚ್ಚಿದೆ. ಬೋಲ್ಟ್ ಎಳೆದ ಕೂಡಲೇ ತೂತಿನಿಂದ ಟೀ ಬಣ್ಣದ ನೀರು ಬಂತು, ಕೊಳೆತ ಎಲೆಯ ವಾಸನೆ. ಡ್ರಿಲ್ ಹಾಕಿದರೆ ಒದ್ದೆ ಮರದ ಪುಡಿ. ಸ್ಕ್ರೂಡ್ರೈವರಿನ ಹಿಡಿಯಲ್ಲಿ ಸುತ್ತ ತಟ್ಟಿ ನೋಡಿದೆ. ದೂರದಲ್ಲಿ ಟಕ್ ಟಕ್ ಅಂತ ಗಟ್ಟಿ ಸದ್ದು, ತೂತಿನ ಹತ್ತಿರ ಬಂದ ಹಾಗೆ ಸದ್ದು ಮಂಕು. ಮಂಕಾದ ಗಡಿಯನ್ನ ಪೆನ್ಸಿಲ್ಲಲ್ಲಿ ಗುರುತು ಮಾಡಿದೆ, ಊಟದ ತಟ್ಟೆಯಷ್ಟಿದೆ. ನೀರಿಗಿಳಿಸೋದನ್ನ ಮುಂದಕ್ಕೆ ಹಾಕಿದೆ. ಈಗ ಯಾವ ಸೀಲಂಟ್?

ಬೂದು ಟೇಪು:

ಈಗ ಯಾವುದೂ ಬೇಡ. ಮೇಲಿನ ಫೈಬರ್ ಪದರ ಕೊಯ್ದು, ಎರಡು ಪದರಗಳ ನಡುವಿನ ತಿರುಳಾದ ಕೊಳೆತ ಬಾಲ್ಸಾ ಮರ ತೆಗೆದು ಒಣಗಿಸಬೇಕು, ಹೊಸ ತಿರುಳು ಕೂರಿಸಬೇಕು. ಸದ್ದು ಗಟ್ಟಿ ಇರೋ ಕಡೆ ತೂತನ್ನ ದೊಡ್ಡದು ಮಾಡಿ, ಮೊಳೆ ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ ಸುತ್ತಲ ತಿರುಳು ಕೆರೆದು, ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು. ಆಗ ಸೀಲಂಟ್ ಸೋತರೂ ನೀರು ತಿರುಳಿಗೆ ಹೋಗಲ್ಲ. 64ಕ್ಕೂ ನಾನು ಹಾಗೇ ಮಾಡಿದ್ದು. ಮತ್ತೆ ಕೆಳಗೆ ನಟ್ ಹತ್ತಿರ ಸೀಲಂಟ್ ಹಾಕಬೇಡಿ.

ಮೂರನೇ ಲಂಗರು:

ಯಾಕೆ ಹಾಕಬಾರದು? ಎರಡೂ ಕಡೆ ಮುಚ್ಚಿದರೆ ಎರಡು ಪಟ್ಟು ಭದ್ರ.

ಬೂದು ಟೇಪು:

ಕೆಳಗೆ ಮುಚ್ಚಿದರೆ ಮೇಲಿಂದ ಬಂದ ನೀರಿಗೆ ಹೋಗೋಕೆ ದಾರಿ ಇಲ್ಲ. ತಿರುಳಿನಲ್ಲೇ ನಿಂತು ಕೊಳೆಸುತ್ತೆ. ಹಾಸಿಗೆ ನೆನೆದಿದ್ದಕ್ಕೇ ಇವರಿಗೆ ಇಷ್ಟಾದರೂ ಗೊತ್ತಾಗಿದ್ದು.

ಮೂರನೇ ಲಂಗರು:

ನಾನು ಎರಡೂ ಕಡೆ ಹಾಕಿದ್ದೀನಿ. ಆರು ವರ್ಷ ಆಯ್ತು, ಒಳಗೆ ಒಂದು ಹನಿ ಬಿದ್ದಿಲ್ಲ.

ಬೂದು ಟೇಪು:

ಡೆಕ್ ತಟ್ಟಿ ನೋಡಿದ್ದೀರಾ?

ಮೂರನೇ ಲಂಗರು:

ಇಲ್ಲ. ಅದರ ಅಗತ್ಯ ಬಂದಿಲ್ಲ.