ಪದಚರ್ಚೆ: ಬ್ಯಾಟರಿಯ 'ಸಾಮರ್ಥ್ಯ' ಎಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ರೇಡಿಯೊ ಕಂಟ್ರೋಲಿನ ಮಾದರಿ ವಿಮಾನ ಹಾರಿಸಲು ಕಲಿಯುತ್ತಿರುವ ಹೈಸ್ಕೂಲು, ಡಿಪ್ಲೊಮಾ ಮಕ್ಕಳಿಗಾಗಿ ಬ್ಯಾಟರಿ ಮತ್ತು ಚಾರ್ಜರ್ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರೆಕ್ಕೆ, ಬಾಲ, ಚುಕ್ಕಾಣಿಯ ಭಾಗ ಸಲೀಸಾಗಿ ಮುಗಿಯಿತು. ಬ್ಯಾಟರಿಗೆ ಬಂದಾಗ ಮಾತ್ರ 'ಸಾಮರ್ಥ್ಯ' ಎಂಬ ಒಂದೇ ಪದ ಮೂರು ಕಡೆ ಬಂದು ಕೂತಿತು.

ಒಂದು ಪ್ಯಾಕನ್ನೇ ಮುಂದಿಟ್ಟುಕೊಂಡು ಕೇಳುತ್ತೇನೆ. ಹೊಸಬರು ಸಾಮಾನ್ಯವಾಗಿ ಕೊಳ್ಳುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಮೇಲೆ '3ಎಸ್, 11.1 ವೋಲ್ಟ್, 2200 ಎಂಎಎಚ್, 25ಸಿ' ಎಂದಿರುತ್ತದೆ. ಇದರಲ್ಲಿ 2200 ಎಂಎಎಚ್ (ಮಿಲಿ ಆಂಪಿಯರ್ ಅವರ್) ಎನ್ನುವುದು ಒಳಗೆ ಎಷ್ಟು ತುಂಬಿಕೊಳ್ಳುತ್ತದೆ ಎಂಬ ಲೆಕ್ಕ. ಮೊಬೈಲ್ ಬಗ್ಗೆ ಬರೆಯುವ ಪತ್ರಿಕೆಗಳು ಇದನ್ನು 'ಬ್ಯಾಟರಿ ಸಾಮರ್ಥ್ಯ' ಎನ್ನುತ್ತವೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ವಿದ್ಯುತ್ ಸಾಮರ್ಥ್ಯ' ಎಂದರೆ ಬೇರೆಯೇ, ಅದು ವ್ಯಾಟ್‌ನಲ್ಲಿ ಅಳೆಯುವಂಥದ್ದು. ಚಾರ್ಜರಿನ ಡಬ್ಬದ ಮೇಲೆ 80 ವ್ಯಾಟ್ ಎಂದು ಬರೆದಿರುವುದು ಈ ಸಾಮರ್ಥ್ಯವನ್ನು. ಇನ್ನು ಆ 25ಸಿ ಇದೆಯಲ್ಲ, ಕೇಳಿದಾಗ ಎಷ್ಟು ಜೋರಾಗಿ ಕೊಡಬಲ್ಲದು ಎಂಬುದು, ಅದಕ್ಕೂ ನಾನು ನೋಡಿದ ಅನುವಾದಗಳಲ್ಲಿ 'ವಿಸರ್ಜನಾ ಸಾಮರ್ಥ್ಯ' ಎಂದೇ ಇದೆ. ಮೂರೂ ಸೇರಿ 'ಚಾರ್ಜರಿನ ಸಾಮರ್ಥ್ಯ ಬ್ಯಾಟರಿಯ ಸಾಮರ್ಥ್ಯಕ್ಕೆ ತಕ್ಕಂತೆ ಇರಲಿ' ಎಂಬ ವಾಕ್ಯ ಹುಟ್ಟಿದರೆ ಓದುವ ಹುಡುಗ ಏನು ಮಾಡಬೇಕು? ಲಿಪೊ ಬ್ಯಾಟರಿಗೆ ತಪ್ಪು ಆಂಪ್ಸ್ ಕೊಟ್ಟರೆ ಅದು ಉಬ್ಬುತ್ತದೆ, ಕೈಮೀರಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಪದ ಚೆಂದವಾಗಿರುವುದಕ್ಕಿಂತ ಬೇರೆಬೇರೆಯಾಗಿರುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ವ್ಯಾಟಿನದ್ದಕ್ಕೆ 'ಸಾಮರ್ಥ್ಯ'ವನ್ನು ಬಿಟ್ಟುಕೊಡೋಣ, ಪಠ್ಯಪುಸ್ತಕ ಮೊದಲೇ ಹಿಡಿದಿಟ್ಟುಕೊಂಡಿದೆ. ಎಂಎಎಚ್‌ಗೆ 'ಹಿಡಿ' ಧಾತುವಿನಿಂದ ಏನಾದರೂ ಬರಬಹುದೇ ಎಂದು ಯೋಚಿಸುತ್ತಿದ್ದೇನೆ. 'ಈ ಕೊಡಕ್ಕೆ ಎಷ್ಟು ನೀರು ಹಿಡಿಯುತ್ತೆ' ಎಂದು ಎಲ್ಲರೂ ಕೇಳುತ್ತೇವೆ. ಆದರೆ ನಾಮಪದ ಮಾಡಹೊರಟರೆ 'ಹಿಡಿತ' ಎಂದಾಗುತ್ತದೆ, ಅದಕ್ಕೆ ಬೇರೆಯೇ ಅರ್ಥ. 'ಹಿಡಿಕೆ' ಎಂದರೆ ಕತ್ತಿಯ ಹಿಡಿ ನೆನಪಾಗುತ್ತದೆ. 'ಧಾರಕತೆ' ಕೆಪಾಸಿಟರ್ ಪಾಠದ ಸೊತ್ತು, ಅದನ್ನು ಇಲ್ಲಿಗೆ ಎಳೆದರೆ ಇನ್ನೊಂದು ಗೊಂದಲ. ಸದ್ಯಕ್ಕೆ 'ತುಂಬಳತೆ' ಎಂದು ಬರೆದಿಟ್ಟಿದ್ದೇನೆ. ಕಿವಿಗೆ ಹೇಗಿದೆ, ಹೇಳಿ.

ಇನ್ನು 'ಸಿ'. ಇದೇ ನನಗೆ ಹೆಚ್ಚು ಕಾಡಿದ್ದು. ಕೂಲಂಬಿಗೂ ಸಿ, ಸೆಲ್ಸಿಯಸ್ಸಿಗೂ ಸಿ. ಬ್ಯಾಟರಿಯ ಮೇಲೆ 25ಸಿ ಎಂದು ಕಂಡು 'ಇಪ್ಪತ್ತೈದು ಡಿಗ್ರಿಯಲ್ಲಿ ಇಡಬೇಕು' ಎಂದು ಓದಿಕೊಂಡವರಿದ್ದಾರೆ. ಇಲ್ಲಿ ಅದರ ಅರ್ಥ ಇಷ್ಟೆ: ಬ್ಯಾಟರಿಯ ಎಂಎಎಚ್ ಅನ್ನು ಒಂದು ಗಂಟೆಯಲ್ಲಿ ಪೂರ್ತಿ ಹರಿಸುವ ಆಂಪ್ಸೇ 1ಸಿ. 2200 ಎಂಎಎಚ್ ಎಂದರೆ 2.2 ಆಂಪಿಯರ್ ಅವರ್, ಆದ್ದರಿಂದ 1ಸಿ ಎಂದರೆ 2.2 ಆಂಪ್ಸ್. 25ಸಿ ಎಂದರೆ 55 ಆಂಪ್ಸ್, ಆ ಲೆಕ್ಕದಲ್ಲಿ ಪ್ಯಾಕು ಎರಡೂವರೆ ನಿಮಿಷದೊಳಗೆ ಮುಗಿಯುತ್ತದೆ. ಚಾರ್ಜ್ ಮಾಡುವಾಗ ಬೇರೆ ಏನೂ ನಮೂದಿಸದಿದ್ದರೆ 1ಸಿ ದಾಟಬಾರದು. ಪ್ಯಾಕಿನ ಮೇಲೆ ಕಾಣುವ ಆ ದೊಡ್ಡ ಅಂಕಿ ಕೊಡುವುದಕ್ಕೆ ಹೊರತು ತೆಗೆದುಕೊಳ್ಳುವುದಕ್ಕಲ್ಲ.

'ಪಟ್ಟು' ಎನ್ನಬಹುದೆಂದು ಒಬ್ಬರು ಸೂಚಿಸಿದರು, '25 ಪಟ್ಟು'. ಸರಳವಾಗಿದೆ, ಮಕ್ಕಳಿಗೆ ಕೂಡಲೇ ಹತ್ತುತ್ತದೆ. ಆದರೆ ಅದರಲ್ಲಿ ಗಂಟೆಯ ಲೆಕ್ಕ ಅಡಗಿಹೋಗುತ್ತದೆ, ಏನಕ್ಕೆ ಪಟ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಇಮ್ಮಡಿ, ನೂರ್ಮಡಿಯ ದಾರಿಯಲ್ಲಿ '25 ಮಡಿ' ಎಂದರೆ ಬ್ಯಾಟರಿಯನ್ನು ಮುಟ್ಟಬಾರದೇನೋ ಅಂದುಕೊಂಡಾರು! 'ಸಿ' ಅಕ್ಷರವನ್ನು ಹಾಗೆಯೇ ಉಳಿಸಿ, ಮೊದಲ ಸಲ ಬಂದಾಗ 'ಗಂಟೆ ಲೆಕ್ಕದ ಪಟ್ಟು' ಎಂದು ಬಿಡಿಸಿ ಹೇಳುವುದೇ ವಾಸಿ ಎಂದು ತೋರುತ್ತದೆ. ಅಂಗಡಿಯಲ್ಲಿ ಕೇಳುವುದೂ, ಪ್ಯಾಕಿನ ಮೇಲೆ ಕಾಣುವುದೂ ಆ ಅಕ್ಷರವೇ ತಾನೆ.

'ಕರೆಂಟು' ಬಗ್ಗೆ ಉದ್ದ ಚರ್ಚೆ ಬೇಡ. ನಮ್ಮಲ್ಲಿ ಕರೆಂಟು ಹೋಗುವುದು, ಬರುವುದು, ಹೊಡೆಯುವುದು ಇದೆ, ಅಳೆಯುವುದು ಇಲ್ಲ. ಅಳೆಯುವಾಗ 'ಆಂಪ್ಸ್' ಎನ್ನುತ್ತೇವೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬೋರ್ಡಿನ ಮುಂದೆ ನಿಂತ ರೈತ 'ಮೋಟ್ರು ಆಂಪ್ಸ್ ಜಾಸ್ತಿ ತಗೊಳ್ತಿದೆ' ಎನ್ನುತ್ತಾನೆ, ಮಾದರಿ ವಿಮಾನದ ಮೋಟರಿಗೂ ಆ ಮಾತು ಅಕ್ಷರಶಃ ಸರಿ. ಕೈಪಿಡಿಯಲ್ಲಿ 'ಪ್ರವಾಹ' ಎಲ್ಲೂ ಬರುವುದಿಲ್ಲ.

ಬ್ಯಾಲೆನ್ಸ್ ಚಾರ್ಜಿಂಗ್ ಇನ್ನೊಂದು ತೊಡಕು. 3ಎಸ್ ಎಂದರೆ ಮೂರು ಸೆಲ್ ಸರಣಿಯಲ್ಲಿ ಜೋಡಿಸಿದ್ದು. ಒಂದೊಂದೂ 3.7 ವೋಲ್ಟಿನದು, ಪೂರ್ತಿ ತುಂಬಿದಾಗ 4.2, ಒಟ್ಟು 12.6. ಒಂದು ಸೆಲ್ 4.1ರಲ್ಲಿ ನಿಂತು ಇನ್ನೊಂದು 4.3ಕ್ಕೆ ಏರಿದರೂ ಒಟ್ಟು ಮೊತ್ತ ಸರಿಯಾಗಿಯೇ ಕಾಣಬಹುದು, ಅಪಾಯ ಇರುವುದೇ ಅಲ್ಲಿ. ಆದ್ದರಿಂದ ಪ್ಯಾಕಿನಿಂದ ಹೊರಬರುವ ಚಿಕ್ಕ ಬಿಳಿ ಕನೆಕ್ಟರಿನ ನಾಲ್ಕು ವೈರುಗಳ ಮೂಲಕ ಚಾರ್ಜರ್ ಪ್ರತಿ ಸೆಲ್ಲನ್ನೂ ಬೇರೆಯಾಗಿ ನೋಡಿ, ಹೆಚ್ಚಿರುವುದನ್ನು ಸ್ವಲ್ಪ ಸೋರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಇದನ್ನು 'ಸಮತೋಲನ' ಎನ್ನಲು ನನಗೆ ಮನಸ್ಸಿಲ್ಲ. ಕಾರಣ, ಅದೇ ಕೈಪಿಡಿಯಲ್ಲಿ ವಿಮಾನದ ಸಮತೋಲನವೂ ಬರುತ್ತದೆ, ಅದನ್ನು ಸರಿಮಾಡುವುದೂ ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ! 'ಬ್ಯಾಟರಿಯ ಸಮತೋಲನ' ಎಂದರೆ ಯಾವುದೆಂದು ಹೇಳುವುದು? 'ಸೆಲ್ ಸಮ ಮಾಡುವುದು' ಎಂದು ಬರೆದಿದ್ದೇನೆ. 'ಸರಿಗಟ್ಟು' ಎಂಬ ಸೊಗಸಾದ ಪದವೂ ಇದೆ, ಆದರೆ ಅದಕ್ಕೆ ಪೈಪೋಟಿಯ ವಾಸನೆ.

ಪವರ್ ಸಪ್ಲೈ ಬಗ್ಗೆ ಹಳಬರ ನೆರವು ಬೇಕು. ಈ ಚಾರ್ಜರುಗಳಲ್ಲಿ ಹಲವು ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕುವಂಥವಲ್ಲ, 12 ವೋಲ್ಟ್ ಡಿಸಿ ಕೇಳುತ್ತವೆ. ಮೈದಾನದಲ್ಲಾದರೆ ಕಾರಿನ ಬ್ಯಾಟರಿ ಸಾಕು, ಮನೆಯಲ್ಲಿ ನಡುವೆ ಇನ್ನೊಂದು ಪೆಟ್ಟಿಗೆ ಬೇಕು. 'ವಿದ್ಯುತ್ ಪೂರೈಕೆ' ಎಂದು ಬರೆದರೆ ಓದುವವರ ಕಣ್ಣಮುಂದೆ ಬೆಸ್ಕಾಂ ಬಂದು ನಿಲ್ಲುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ '12 ವೋಲ್ಟ್ 5 ಆಂಪ್ಸ್ ಎಸ್‌ಎಂಪಿಎಸ್' (ಮನೆಯ ಕರೆಂಟನ್ನು ಡಿಸಿಗೆ ಇಳಿಸಿ ಕೊಡುವ ಪೆಟ್ಟಿಗೆ) ಎಂದು ಕೇಳಿದರೆ ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ನಮ್ಮ ಉದಾಹರಣೆಯ ಪ್ಯಾಕಿಗೆ ಅದು ಧಾರಾಳ: 12.6 ವೋಲ್ಟ್, 2.2 ಆಂಪ್ಸ್ ಎಂದರೆ ಸುಮಾರು 28 ವ್ಯಾಟ್.

ನನಗೆ ನೆನಪಾಗುವುದು 'ಎಲಿಮಿನೇಟರ್'. ಟೇಪ್ ರೆಕಾರ್ಡರ್ ಕಾಲದಲ್ಲಿ ಶೆಲ್ ಹಾಕುವ ಬದಲು ಗೋಡೆಗೆ ಸಿಕ್ಕಿಸುತ್ತಿದ್ದ ಪುಟ್ಟ ಪೆಟ್ಟಿಗೆಗೆ ಮನೆಮನೆಯಲ್ಲಿ ಇದ್ದ ಹೆಸರು. ಸೋಜಿಗವೆಂದರೆ ವಿಮಾನದೊಳಗೆ ಆ ಹೆಸರು ಇನ್ನೂ ಬದುಕಿದೆ. ಬಿಇಸಿ ಎಂಬ ಸಂಕ್ಷೇಪದ ಮೊದಲೆರಡು ಅಕ್ಷರಗಳು ಬ್ಯಾಟರಿ ಎಲಿಮಿನೇಟರೇ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 5ರ ಸುಮಾರಿಗೆ ಇಳಿಸಿ ರಿಸೀವರ್ ಮತ್ತು ಸರ್ವೊಗಳಿಗೆ (ಚುಕ್ಕಾಣಿಯಂಥ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರುಗಳಿಗೆ) ಕೊಟ್ಟು, ಅವಕ್ಕೆಂದೇ ಇನ್ನೊಂದು ಬ್ಯಾಟರಿ ಹೊರುವುದನ್ನು ತಪ್ಪಿಸುವ ಸರ್ಕ್ಯೂಟ್ ಅದು. 'ಎಲಿಮಿನೇಟರ್' ಪದವನ್ನು ಈಗಿನ ಮಕ್ಕಳು ಕೇಳಿದ್ದಾರೆಯೇ? ಮೇಷ್ಟ್ರುಗಳು ತಿಳಿಸಬೇಕು.

'ಖಾಲಿ' ಕೂಡ ಮೋಸದ ಪದ. ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ 'ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕು' ಎಂಬ ಮಾತು ಜನರ ಬಾಯಲ್ಲಿ ಉಳಿದುಬಿಟ್ಟಿದೆ. ಲಿಪೊ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಹಾಗಾಗಿ 'ಖಾಲಿ' ಬಿಟ್ಟು 'ಇಳಿದಿದೆ' ಎಂದು ಬರೆಯುತ್ತಿದ್ದೇನೆ. ವಾರಗಟ್ಟಲೆ ಹಾರಿಸದಿದ್ದಾಗ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡುವುದಕ್ಕೆ 'ಎತ್ತಿಡುವ ಚಾರ್ಜ್' ಎಂದಿದ್ದೇನೆ, 'ಶೇಖರಣಾ ಆವೇಶ' ಎಂಬ ಸಲಹೆಯನ್ನು ನಯವಾಗಿ ಬದಿಗಿಟ್ಟೆ. ಬ್ಯಾಟರಿಗೆ ಆವೇಶ ಬಂದರೆ ಇಳಿಸುವವರು ಯಾರು?

ಕೊನೆಯದಾಗಿ 'ಶೆಲ್ಲು'. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯಲ್ಲಿ ಬ್ಯಾಟರಿ ಎಂಬ ಪದ ಬಳಸಿದ್ದು ವಿದ್ಯುತ್ತನ್ನು ಕೂಡಿಡಲು ಒಟ್ಟಿಗೆ ಜೋಡಿಸಿದ ಗಾಜಿನ ಹಲಗೆಗಳ ಸಾಲಿಗೆ, ಮೂರು ಸೆಲ್ಲಿನ ನಮ್ಮ ಪ್ಯಾಕಿಗೆ ಅದು ಸರಿಯಾಗಿ ಒಪ್ಪುತ್ತದೆ. ನಮ್ಮ ಹಳ್ಳಿಗಳಲ್ಲಿ ಬ್ಯಾಟ್ರಿ ಎಂದರೆ ಟಾರ್ಚು, ಅದರೊಳಗೆ ಹಾಕುವುದು ಶೆಲ್ಲು. ಸೆಲ್ಲನ್ನೂ ಬ್ಯಾಟರಿಯನ್ನೂ ಬೇರೆಬೇರೆಯಾಗಿ ಕರೆಯುವ ಈ ರೂಢಿ ಕೈಪಿಡಿಗೆ ಬಲು ಅನುಕೂಲ, 'ಮೂರು ಶೆಲ್ಲಿನ ಬ್ಯಾಟ್ರಿ' ಎಂದರೆ 3ಎಸ್‌ನ ಅರ್ಥ ಪೂರ್ತಿ ಬಂತು. ಆದರೆ ನಾನು ಕೇಳಿರುವ ಮಟ್ಟಿಗೆ ಶೆಲ್ಲು ಎಂದರೆ ಮುಗಿದ ಮೇಲೆ ಎಸೆಯುವಂಥದ್ದು. ಮತ್ತೆ ಚಾರ್ಜ್ ಮಾಡುವ ಸೆಲ್ಲಿಗೂ, ಸೋಲಾರ್ ಲ್ಯಾಂಟರ್ನ್ ಅಥವಾ ಎಮರ್ಜೆನ್ಸಿ ಲೈಟಿನೊಳಗಿನದಕ್ಕೂ, 'ಶೆಲ್ಲು' ಎನ್ನುವ ಊರುಗಳಿವೆಯೇ? ರಿಪೇರಿ ಅಂಗಡಿಯ ಮಾತು ಬಲ್ಲವರು ಜಿಲ್ಲೆಯ ಹೆಸರಿನೊಂದಿಗೆ ಬರೆದರೆ ಉಪಕಾರ.