ಸಹಾಯ ಬೇಕು: ಚಿಪ್ಪು ಕುಕ್ಕಿದ ಮರಿಗಳು ಹೊರಗೆ ಬರ್ತಿಲ್ಲ

ಫ್ಯಾನ್ ಇರುವ ಇನ್‌ಕ್ಯುಬೇಟರ್, 24 ನಾಟಿ ಕೋಳಿ ಮೊಟ್ಟೆ, ಶಾಖ 37.5 ಡಿಗ್ರಿ. 7ನೇ ದಿನ ಟಾರ್ಚ್ ಹಿಡಿದಾಗ 19ರಲ್ಲಿ ರಕ್ತನಾಳ ಕಂಡಿತ್ತು. 18ನೇ ದಿನಕ್ಕೆ ತಿರುಗಿಸೋದು ನಿಲ್ಲಿಸಿ, ತೇವಾಂಶವನ್ನು ಶೇ 50ರಿಂದ 68ಕ್ಕೆ ಏರಿಸಿದ್ದಾಯ್ತು.

ಇವತ್ತು 21ನೇ ದಿನ. 11 ಮರಿ ಹೊರಬಂದಿವೆ. ಇನ್ನೂ ಐದು ಚಿಪ್ಪು ಕುಕ್ಕಿ 18 ಗಂಟೆಯಾಯ್ತು. ತೂತಿನಂಚಿನ ಒಳಪೊರೆ ಕಾಗದದ ಹಾಗೆ ಬೆಳ್ಳಗೆ ಒಣಗಿ ಪುಕ್ಕಕ್ಕೆ ಅಂಟಿದೆ, ಒಳಗೆ ಚಿಂವ್‌ಗುಟ್ಟುತ್ತಿವೆ. ಹುಟ್ಟಿದ ಮರಿ ಎತ್ತೋಕೆ ಎರಡು ಸಲ ಮುಚ್ಚಳ ತೆಗೆದಿದ್ದರಿಂದ ತೇವ ಇಳಿದಿರಬೇಕು. ಆ ಮರಿಗಳ ಮೈ ಒಣಗುವವರೆಗೆ ಅಲ್ಲೇ ಬಿಡಬೇಕಿತ್ತು. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯಿಂದಲೇ ಮರಿ ಮೇವು-ನೀರಿಲ್ಲದೆ ಒಂದು ದಿನ ತಡೆಯುತ್ತೆ.

ಎರಡರ ಪೊರೆಯಲ್ಲಿ ರಕ್ತನಾಳ ಇನ್ನೂ ಕೆಂಪಗಿದೆ, ಈಗ ಸುಲಿದರೆ ರಕ್ತ ಸೋರುತ್ತೆ. ಉಳಿದ ಮೂರರಲ್ಲಿ ನಾಳ ಕಾಣ್ತಿಲ್ಲ. ಇವಕ್ಕೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ನೆನೆಸಿ, ಮೊಂಡಾದ ತುದಿಯ ಕಡೆಯಿಂದ ಚಿಪ್ಪು ಬಿಡಿಸಬಹುದಾ, ಇಲ್ಲಾ 24 ಗಂಟೆ ತುಂಬೋವರೆಗೆ ಕಾಯಬೇಕಾ? ಕೈಯಾರೆ ಬಿಡಿಸಿ ಉಳಿಸಿದವರು ದಯವಿಟ್ಟು ಬೇಗ ಹೇಳಿ.